ಅಭ್ಯಾಸದಿಂದ ಬಂದ ಕನ್ನಡ

ಸೊಲ್ಲಾಪುರ ನಗರದ ಅನೇಕ ಮನೆಗಳಲ್ಲೂ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲೂ ಒಲೆಯ ಮುಂದೆ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ರೂಢಿ ತಲೆಮಾರುಗಳಿಂದ ನಡೆದುಬಂದಿದ್ದು, ಕನ್ನಡವನ್ನು ಸಲೀಸಾಗಿ ಮಾತಾಡುತ್ತಿದ್ದರೂ ಅದನ್ನು ಓದಲು ಬರೆಯಲು ಬಾರದವರು ಇಲ್ಲಿ ಅಪರೂಪವಲ್ಲ. ಮಾತು ಕಿವಿಗೆ ಬಿದ್ದು ತಾನಾಗಿಯೇ ಬರುತ್ತದೆ. ಕಾಗುಣಿತ, ಒತ್ತಕ್ಷರ, ಛಂದಸ್ಸುಗಳು ಎಂಥ ಜಾಣರಿಗೂ ಹಾಗೆ ಬರುವುದಿಲ್ಲ. ಕಲಿಕೆಯಲ್ಲಿ ಪ್ರತಿಭೆ ದೊಡ್ಡದೋ ಅಭ್ಯಾಸ ದೊಡ್ಡದೋ ಎಂಬ ಹಳೆಯ ಚರ್ಚೆಯನ್ನು ಈ ನೆಲದಲ್ಲಿ ನಿಂತು ನೋಡುವಾಗ ಮೊದಲು ಎದುರಾಗುವ ಹೆಸರು ಜಯದೇವಿತಾಯಿ ಲಿಗಾಡೆಯವರದು.

1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರ ಶಾಲಾ ಶಿಕ್ಷಣ ನಡೆದದ್ದು ಮರಾಠಿಯಲ್ಲಿ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸಂಸಾರದ ಹೊಣೆಯ ನಡುವೆ ಕನ್ನಡದ ಅಕ್ಷರವನ್ನೂ ಸಾಹಿತ್ಯವನ್ನೂ ಸ್ವಪ್ರಯತ್ನದಿಂದ ಕಲಿತ ಅವರು, ಹನ್ನೆರಡನೆಯ ಶತಮಾನದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶರಣ ಸಿದ್ಧರಾಮನ ಚರಿತ್ರೆಯನ್ನು ನಾಲ್ಕು ಸಾವಿರಕ್ಕೂ ಮಿಕ್ಕ ತ್ರಿಪದಿಗಳಲ್ಲಿ ಬರೆದರು. ತ್ರಿಪದಿಯೆಂದರೆ ಬೀಸುವಾಗ ಹೆಂಗಸರು ಹಾಡಿಕೊಂಡು ಬಂದ ಮೂರು ಸಾಲಿನ ಪದ್ಯ. ಅದರ ಶಾಸ್ತ್ರೀಯ ಲಕ್ಷಣದ ಪ್ರಕಾರ ಒಟ್ಟು 11 ಗಣಗಳಲ್ಲಿ, ಅಂದರೆ ಅಕ್ಷರಗಳ ಗುಂಪುಗಳಲ್ಲಿ, ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣವಾಗಿದ್ದು ಉಳಿದವು ವಿಷ್ಣುಗಣವಾಗಿರಬೇಕು. ಇಂಥ ಒಂದು ಪದ್ಯ ಸ್ಫೂರ್ತಿಯ ಗಳಿಗೆಯಲ್ಲಿ ಹುಟ್ಟಬಹುದು. ಸಾವಿರಗಟ್ಟಲೆ ಪದ್ಯಗಳು ಕಿವಿಯೂ ಕೈಯೂ ಪಳಗದೆ ಹುಟ್ಟಲಾರವು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಏರಿದ ಮೊದಲ ಮಹಿಳೆ ಅವರೇ. ಅವರ ಸಾಧನೆಯನ್ನು ದೈವದತ್ತವೆಂದು ಹೊಗಳುವುದು ಗೌರವದ ಮಾತಿನಂತೆ ಕಂಡರೂ ಅವರು ಪಟ್ಟ ಶ್ರಮವನ್ನು ಮರೆಮಾಡುತ್ತದೆ.

ಹಾಗೆಂದು ಅಭ್ಯಾಸವೊಂದೇ ಸಾಕು ಎನ್ನುವಂತಿಲ್ಲ. ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ, ಉದ್ದೇಶಪೂರ್ವಕ ಅಭ್ಯಾಸವೇ, ಅಂದರೆ ತಪ್ಪನ್ನು ಗುರುತಿಸಿ ತಿದ್ದಿಕೊಳ್ಳುವ ಸಲುವಾಗಿಯೇ ಮಾಡುವ ಅಭ್ಯಾಸವೇ, ಪ್ರಾವೀಣ್ಯಕ್ಕೆ ಮುಖ್ಯ ಕಾರಣವೆಂದು 1993ರಲ್ಲಿ ವಾದಿಸಿದರು. ಆದರೆ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ವ್ಯಕ್ತಿ ವ್ಯಕ್ತಿಗಳ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಸಂಗೀತದಲ್ಲಿ ಶೇ. 21, ಶಿಕ್ಷಣದಲ್ಲಿ ಕೇವಲ ಶೇ. 4. ಈ ಅಂಕಿಯನ್ನು ಹಿಡಿದು ಅಭ್ಯಾಸ ವ್ಯರ್ಥವೆಂದು ತೀರ್ಮಾನಿಸುವವರು ಒಂದು ಅಂಶವನ್ನು ಗಮನಿಸಬೇಕು: ಅದು ಒಬ್ಬರು ಇನ್ನೊಬ್ಬರಿಗಿಂತ ಏಕೆ ಮುಂದಿದ್ದಾರೆ ಎಂಬುದನ್ನು ಅಳೆಯುತ್ತದೆಯೇ ಹೊರತು, ಅಭ್ಯಾಸವಿಲ್ಲದೆ ಯಾರಾದರೂ ಕಲಿಯಬಲ್ಲರು ಎಂದು ಹೇಳುವುದಿಲ್ಲ.

ಮರಾಠಿ ಶಾಲೆಗೆ ಹೋಗುವ ಮಗುವಿಗೆ ಕನ್ನಡ ಲಿಪಿ ತೀರ ಹೊಸದಲ್ಲ. ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಅಕ್ಷರದ ಆಕಾರ. ತೊಡಕು ಬರುವುದು ಬೇರೆ ಕಡೆ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ಮರಾಠಿ ಬರವಣಿಗೆ ತೋರಿಸುವುದಿಲ್ಲವಾದ್ದರಿಂದ, ಬಾಯಲ್ಲಿ ಸರಿಯಾಗಿಯೇ ಇರುವ ಈ ಭೇದ ಕೈಗೆ ಬರಲು ಮತ್ತೆ ಮತ್ತೆ ಬರೆದು ತಿದ್ದಬೇಕಾಗುತ್ತದೆ. ಇಂಥ ತಿದ್ದುಪಡಿಯನ್ನು ರಜೆಯ ಒಂದೇ ವಾರದಲ್ಲಿ ಮುಗಿಸುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಮಾಡುವುದು ಮೇಲು. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚುಹಾಕುತ್ತದೆ. ಮಕ್ಕಳನ್ನು ಮರಾಠಿ ಶಾಲೆಗೆ ಸೇರಿಸಿರುವ ಕನ್ನಡ ಮನೆಯವರು ಅದರ ಒಂದನೆಯ ತರಗತಿಯ ಪುಸ್ತಕವನ್ನು ತಂದು, ದಿನಕ್ಕೊಂದು ಪುಟವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ನಾಲ್ಕು ಸಾಲು ಬರೆಸಲಿ.