ಅಮ್ಮನೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾನು ಮೂರು ತಿಂಗಳು ಒಂದು ತೊಂದರೆಯನ್ನು ಬಚ್ಚಿಟ್ಟುಕೊಂಡು ಓಡಾಡಿದೆ. ಬಿಳಿ ಸೆರಗು, ತಡೆಯಲಾಗದ ತುರಿಕೆ, ಮೂತ್ರಕ್ಕೆ ಹೋದರೆ ಉರಿ. ವರ್ಕ್‌ಶಾಪ್‌ನಲ್ಲಿ ಮೂರು ಗಂಟೆ ನಿಂತಿರುವಾಗ ಯಾವಾಗ ಬಿಡುತ್ತಾರೋ ಎಂದು ಗಡಿಯಾರ ನೋಡುವುದೇ ಕೆಲಸ. ಅಮ್ಮನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ‘ಹಾಸ್ಟೆಲ್ ಊಟ ಅಲ್ವಾ, ಉಷ್ಣ ಆಗಿರುತ್ತೆ. ಎಳನೀರು ಕುಡಿ, ಮೆಂತ್ಯ ನೆನೆಸಿ ತಿನ್ನು’ ಅಂದಳು. ಉಳಿದರ್ಧ ಹೇಳಲಿಲ್ಲ.

ಕೊನೆಗೆ ರೂಮ್‌ಮೇಟ್ ಎಳೆದುಕೊಂಡು ಹೋದಳು. ಕ್ಲಿನಿಕ್‌ನ ಕೌಂಟರ್‌ನಲ್ಲಿದ್ದವರು ಹೆಸರು, ವಯಸ್ಸು ಬರೆದುಕೊಂಡು, ಇಡೀ ಹಾಲ್‌ಗೆ ಕೇಳಿಸುವಂತೆ ‘ಮದುವೆ ಆಗಿದ್ಯಾ?’ ಎಂದರು. ಕುಳಿತವರೆಲ್ಲ ತಿರುಗಿ ನೋಡಿದರು. ಜ್ವರ ಬಂದವರನ್ನು ಯಾರಾದರೂ ಹೀಗೆ ಕೇಳುತ್ತಾರಾ, ನೀವೇ ಹೇಳಿ.

ಒಳಗಿದ್ದ ಡಾಕ್ಟರಮ್ಮ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು. ‘ಒಳ ಉಡುಪು ಎಲ್ಲಿ ಒಣಗಿಸ್ತೀಯ?’ ರೂಮಿನೊಳಗೆ, ದುಪಟ್ಟಾ ಕೆಳಗೆ ಎಂದೆ. ಹಾಸ್ಟೆಲ್‌ನಲ್ಲಿ ಎಲ್ಲರೂ ಹಾಗೇ ಮಾಡುವುದು, ಅರ್ಧ ಒದ್ದೆಯದನ್ನೇ ಹಾಕಿಕೊಳ್ಳುವುದು. ಅದು ಫಂಗಸ್ ಸೋಂಕು. ಒಂದು ಮಾತ್ರೆ, ಒಂದು ಮುಲಾಮು, ವಾರದಲ್ಲಿ ಗುಣ. ಮೂರು ತಿಂಗಳು ನಾನು ಏನೇನೋ ಊಹಿಸಿಕೊಂಡು ಅತ್ತಿದ್ದೆ. ಹೊರಡುವಾಗ ಅವರು, ‘ಗಡ್ಚಿರೋಲಿಯ ರಾಣಿ ಬಂಗ್ ಹೆಸರು ಕೇಳಿದ್ದೀಯಾ? ಓದು’ ಎಂದರು.

ಓದಿದೆ. ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿರುವ ಗಡ್ಚಿರೋಲಿ ಕಾಡಿನ ಜಿಲ್ಲೆ, ಗೊಂಡ ಆದಿವಾಸಿಗಳ ನೆಲ. ಸ್ತ್ರೀರೋಗ ತಜ್ಞೆ ಡಾ. ರಾಣಿ ಬಂಗ್ ಮತ್ತು ಅವರ ಪತಿ ಡಾ. ಅಭಯ್ ಬಂಗ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ, ವಾಪಸ್ ಬಂದು ನೆಲೆ ನಿಂತಿದ್ದು ಅಲ್ಲಿ. ‘ಸರ್ಚ್’ ಎಂಬ ಸಂಸ್ಥೆ ಕಟ್ಟಿದರು. ದೊಡ್ಡ ಕಟ್ಟಡ ಕಂಡರೆ ಆದಿವಾಸಿಗಳು ಹೆದರುತ್ತಾರೆಂದು ಆಸ್ಪತ್ರೆಯನ್ನೂ ಹಳ್ಳಿಮನೆಗಳ ಹಾಗೇ ಕಟ್ಟಿ, ಅವರ ದೇವತೆ ದಂತೇಶ್ವರಿಯ ಹೆಸರಿಟ್ಟರು.

ಆ ಕಾಲಕ್ಕೆ ಹೆಣ್ಣಿನ ಆರೋಗ್ಯ ಎಂದರೆ ಬಸಿರು, ಬಾಣಂತನ, ಸಂತಾನ ನಿಯಂತ್ರಣ, ಅಷ್ಟೇ. ಬಸಿರಾಗದ ಹುಡುಗಿಗೂ, ಮುಟ್ಟು ನಿಂತ ಅಜ್ಜಿಗೂ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಬಂಗ್ ದಂಪತಿ ಎರಡು ಹಳ್ಳಿಗಳನ್ನು ಆರಿಸಿಕೊಂಡು, ಮದುವೆಯಾಗದ ಹುಡುಗಿಯರೂ ಸೇರಿದಂತೆ 650 ಹೆಣ್ಣುಮಕ್ಕಳನ್ನು ಪರೀಕ್ಷಿಸಿದರು. 1989ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ತಮಗೆ ತೊಂದರೆ ಇದೆ ಎಂದವರು ಶೇ 55. ಪರೀಕ್ಷೆಯಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ಕಾಯಿಲೆ ಕಂಡುಬಂದಿದ್ದು ಶೇ 92 ಮಂದಿಯಲ್ಲಿ! ಸರಾಸರಿ ಒಬ್ಬೊಬ್ಬರಿಗೆ 3.6 ಕಾಯಿಲೆ. ಅದಕ್ಕೆ ಮೊದಲು ಒಮ್ಮೆಯಾದರೂ ಸ್ತ್ರೀರೋಗ ತಪಾಸಣೆ ಮಾಡಿಸಿಕೊಂಡಿದ್ದವರು ಶೇ 8 ಮಾತ್ರ.

ನಾಲ್ಕನೇ ಸೆಮಿಸ್ಟರ್‌ನ ಗಣಿತದಲ್ಲಿ ಸ್ಯಾಂಪ್ಲಿಂಗ್ ಪಾಠ ಬಂದಾಗ ನನಗೆ ಈ ಅಂಕಿಗಳು ಮತ್ತೆ ನೆನಪಾದವು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಬಾರದವರು ಲೆಕ್ಕಕ್ಕೇ ಸಿಗುವುದಿಲ್ಲ. ಬಾಯಿಬಿಟ್ಟು ಹೇಳಿದವರನ್ನಷ್ಟೇ ಎಣಿಸಿದ್ದರೂ ಆ ಹಳ್ಳಿಗಳಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು ‘ಆರೋಗ್ಯವಂತರು’ ಎಂದು ಬರೆಯಬೇಕಾಗುತ್ತಿತ್ತು. ಬಂಗ್ ದಂಪತಿ ಮಾಡಿದ್ದು ಇಷ್ಟೇ: ಊರಿಗೇ ಹೋಗಿ, ಏನೂ ತೊಂದರೆ ಇಲ್ಲ ಎಂದವರನ್ನೂ ಪರೀಕ್ಷಿಸಿದರು. ಪರೀಕ್ಷೆಗೆ ಬರೆದು ಮರೆತಿದ್ದ ಸೂತ್ರವೊಂದು ಹೀಗೆ ಮನುಷ್ಯರ ಮೈಗೆ ತಾಗುತ್ತದೆಂದು ನನಗೆ ಗೊತ್ತಿರಲಿಲ್ಲ. 1994ರಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನದ ಹೊತ್ತಿಗೆ ಜಗತ್ತೇ ಸಂತಾನ ನಿಯಂತ್ರಣದ ಮಾತು ಬಿಟ್ಟು ‘ಪ್ರಜನನ ಆರೋಗ್ಯ’ದ ಮಾತಾಡತೊಡಗಿತ್ತು.

ರಾಣಿ ಬಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಹದಿಹರೆಯದವರಿಗಾಗಿ ‘ತಾರುಣ್ಯಭಾನ’ ಎಂಬ ಶಿಬಿರಗಳನ್ನು ನಡೆಸಿದರು. ತಾರುಣ್ಯದ ಅರಿವು ಎಂದರ್ಥ. ಮೈಯ ಬದಲಾವಣೆ, ಮುಟ್ಟು, ಆಕರ್ಷಣೆ, ಎಚ್‌ಐವಿ ಎಲ್ಲವನ್ನೂ ಮಾತಿಗೆ ತಂದರು. 2018ರಲ್ಲಿ ದಂಪತಿಗೆ ಪದ್ಮಶ್ರೀ ಬಂತು. ನಮ್ಮ ಹೈಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದ್ಕೊಳ್ಳಿ’ ಎಂದು ದಾಟಿಸಿಬಿಟ್ಟಿದ್ದರು. ಹೂವಿನ ಪರಾಗಸ್ಪರ್ಶವನ್ನು ಮಾತ್ರ ಎರಡು ದಿನ ಮಾಡಿದರು!

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 10ರಿಂದ 19 ವರ್ಷದವರಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುಮಾಡಿದೆ. ಅದರಡಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇವೆ. ಹುಡುಗರೂ ಹೋಗಬಹುದು. ನನಗೆ ಗೊತ್ತಾಗುವಷ್ಟರಲ್ಲಿ ಇಪ್ಪತ್ತು ತುಂಬಿತ್ತು. ಪಿಯುಸಿ ಓದುವ ತಂಗಿಗೆ ಹೇಳಿದ್ದೇನೆ.

ಹೋದ ರಜೆಯಲ್ಲಿ ಊರಿಗೆ ಹೋದಾಗ, ಅವರೆಕಾಯಿ ಸುಲಿಯುತ್ತಾ ಅಮ್ಮನಿಗೆ ಗಡ್ಚಿರೋಲಿಯ ಕಥೆ ಹೇಳಿದೆ. ಶೇ 92 ಎಂದಾಗ ಬೆರಗಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಸುಮ್ಮನೆ ಕಾಳು ಬಿಡಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ನನಗೂ ಇದೆ. ನೀನು ಹುಟ್ಟಿದಾಗಿಂದ ಸೊಂಟನೋವು, ಬಿಳಿ ಸೆರಗು. ನಿಮ್ಮಜ್ಜಿಗೂ ಇತ್ತು. ಹೆಂಗಸರಿಗೆ ಇದ್ದಿದ್ದೇ ಅಂದ್ಕೊಂಡಿದ್ದೆ’ ಅಂದಳು.

ಇಪ್ಪತ್ತು ವರ್ಷ! ನನ್ನ ಮೂರು ತಿಂಗಳು ಯಾವ ಲೆಕ್ಕ?

ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಹೋಗೋಣ ಎಂದೆ. ಬೇಡ ಅನ್ನಲಿಲ್ಲ. ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಏಳುತ್ತಾ, ‘ಲೇಡಿ ಡಾಕ್ಟ್ರೇ ಇರ್ತಾರೆ ತಾನೇ?’ ಎಂದಷ್ಟೇ ಕೇಳಿದಳು.