ಮಳೆಯ ವಾಸನೆಯನ್ನು ಕಟ್ಟಹೊರಟ ವಿದ್ಯಾರ್ಥಿಗಳು

ಬೇಸಗೆಯ ಕಡೆಯಲ್ಲಿ ಮೊದಲ ಮಳೆಯ ನಾಲ್ಕು ಹನಿ ಬಿದ್ದೊಡನೆ ಒಣಗಿದ ನೆಲದಿಂದ ಮೇಲೇಳುವ ಸುವಾಸನೆಯನ್ನು ಅರಿಯದವರು ಯಾರು? ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂತಹ ಊರುಗಳಲ್ಲಿ ಅಶ್ವಿನಿ, ಭರಣಿ ಮಳೆಗಳಿಗಾಗಿ ಕಾದಿರುವ ರೈತನಿಗೆ ಈ ವಾಸನೆ ಉಳುಮೆಗೆ ಬಂದ ಕರೆಯೇ ಸರಿ. ಇದು ನೀರಿನ ವಾಸನೆಯಲ್ಲ. ಶುದ್ಧವಾದ ನೀರಿಗೆ ವಾಸನೆಯಿಲ್ಲವೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಓದಿದ್ದೇವೆ. ಮಣ್ಣಿನಲ್ಲಿ ನೆಲೆಸಿರುವ, ಕಣ್ಣಿಗೆ ಕಾಣದ ಜೀವಾಣುಗಳು ತಯಾರಿಸಿದ ಒಂದು ವಸ್ತುವೇ ಇದಕ್ಕೆ ಮುಖ್ಯ ಕಾರಣ.

ಆ ಜೀವಾಣುಗಳ ವಿದ್ಯೆಯನ್ನು ಮತ್ತೊಂದು ಜೀವಾಣುವಿಗೆ ಕಲಿಸಬೇಕೆಂದು 2009ರಲ್ಲಿ ಬೆಂಗಳೂರಿನ ಕೆಲವು ವಿದ್ಯಾರ್ಥಿಗಳು ಹೊರಟರು. ಅವರು ಜೀವಶಾಸ್ತ್ರವನ್ನು ಓದುತ್ತಿದ್ದವರಲ್ಲ. ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳು. ಅವರಿಗೆ ಈ ಅವಕಾಶವನ್ನು ಒದಗಿಸಿದುದು ಐಜೆಮ್ ಎಂಬ ಹ್ರಸ್ವನಾಮದ ಒಂದು ಅಂತರರಾಷ್ಟ್ರೀಯ ಸ್ಪರ್ಧೆ. ಜೀವಿಗಳನ್ನು ಯಂತ್ರಗಳಂತೆ ಜೋಡಿಸುವ ಈ ಸ್ಪರ್ಧೆ ಎಂತಹುದು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ವಾಸನೆಯ ಮೂಲ

ಒಣನೆಲದ ಮೇಲೆ ಮಳೆ ಬಿದ್ದಾಗ ಏಳುವ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಪೆಟ್ರಾ' ಎಂದರೆ ಕಲ್ಲು. 'ಇಕೋರ್' ಎಂದರೆ ಪುರಾಣದ ದೇವತೆಗಳ ನಾಳಗಳಲ್ಲಿ ಹರಿಯುವ ರಸ. ಮರುವರ್ಷವೇ, ಅಂದರೆ 1965ರಲ್ಲಿ, ಅಮೆರಿಕದ ಗರ್ಬರ್ ಮತ್ತು ಲೆಷೆವಾಲ್ಯೆ ಅವರು ಮಣ್ಣಿನ ವಾಸನೆಯ ಮುಖ್ಯ ವಸ್ತುವನ್ನು ಬೇರ್ಪಡಿಸಿ 'ಜಿಯೋಸ್ಮಿನ್' ಎಂದು ಕರೆದರು. ನಮ್ಮ ದೇಶದ ಕನೌಜಿನ ಅತ್ತರಿನವರಾದರೋ ಯಾವ ಹೆಸರಿಗೂ ಕಾಯದೆ, ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಈ ಪರಿಮಳವನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುವ ಕಲೆಯನ್ನು ಬಹುಕಾಲದಿಂದ ಬಲ್ಲರು.

ಜಿಯೋಸ್ಮಿನ್ನನ್ನು ತಯಾರಿಸುವವರಲ್ಲಿ ಪ್ರಮುಖರು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳು. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆತುದೂ ಇದೇ ವಂಶದಿಂದಲೇ. ಮನುಷ್ಯನ ಮೂಗು ಈ ವಸ್ತುವಿನ ವಿಷಯದಲ್ಲಿ ಅತಿ ಸೂಕ್ಷ್ಮ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಿದ್ದರೂ ಅದು ಗುರುತಿಸಬಲ್ಲುದು. ಬ್ಯಾಕ್ಟೀರಿಯಕ್ಕೆ ಇದರಿಂದ ಪ್ರಯೋಜನವೇನು? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಮಣ್ಣಿನಲ್ಲಿ ಹರಿದಾಡುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳು ಈ ವಾಸನೆಗೆ ಆಕರ್ಷಿತವಾಗಿ ಬಂದು, ಬ್ಯಾಕ್ಟೀರಿಯದ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ದೂರಕ್ಕೆ ಒಯ್ಯುತ್ತವೆ. ಹೂವು ದುಂಬಿಯನ್ನು ಕರೆಯುವಂತೆಯೇ ಇದೂ ಒಂದು ಕರೆ.

ವಾಸನೆ ನೆಲದಿಂದ ಮೂಗಿಗೆ ಏರುವುದಾದರೂ ಹೇಗೆ? ಇಲ್ಲಿ ಭೌತಶಾಸ್ತ್ರ ಬರುತ್ತದೆ. ಹನಿಯು ರಂಧ್ರಗಳುಳ್ಳ ನೆಲವನ್ನು ತಾಕಿದಾಗ ಅದರಡಿಯಲ್ಲಿ ಗಾಳಿ ಸಿಕ್ಕಿಬಿದ್ದು ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಹನಿಯೊಳಗೆ ಏರಿ ಮೇಲೆ ಬಂದು ಒಡೆಯುತ್ತವೆ. ಸೋಡಾ ಸೀಸೆಯನ್ನು ತೆರೆದಾಗ ಸಿಡಿಯುವಂತೆ ಅತಿ ಸಣ್ಣ ತುಂತುರು ಹೊರಚಿಮ್ಮುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ವೇಗದ ಕ್ಯಾಮೆರಾಗಳಿಂದ ಇದನ್ನು ಸೆರೆಹಿಡಿದು 2015ರಲ್ಲಿ ಪ್ರಕಟಿಸಿದರು. ಹನಿಗಳು ನಿಧಾನವಾಗಿ ಬೀಳುವ ತುಂತುರು ಮಳೆಯಲ್ಲಿ ಈ ಕ್ರಿಯೆ ಹೆಚ್ಚು, ಜಡಿಮಳೆಯಲ್ಲಿ ಕಡಿಮೆ.

ನಟ್ಟು ಬೋಲ್ಟಿನ ನ್ಯಾಯ

ಇನ್ನು ಸ್ಪರ್ಧೆಯ ವಿಷಯಕ್ಕೆ ಬರೋಣ. ಹಾಸನದ ಅಂಗಡಿಯಲ್ಲಿ ಕೊಂಡ ನಟ್ಟು ಧಾರವಾಡದ ಪಂಪ್‌ಸೆಟ್ಟಿನ ಬೋಲ್ಟಿಗೂ ಕೂಡುತ್ತದೆ. ಇದು ತಾನಾಗಿ ಆದುದಲ್ಲ. ಒಂದು ಕಾಲದಲ್ಲಿ ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಅಳತೆಯಲ್ಲಿ ಸುರುಳಿ ಕೊರೆಯುತ್ತಿತ್ತು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಒಂದು ಏಕರೂಪದ ಅಳತೆಯನ್ನು ಸೂಚಿಸಿದನು. ಜೀನುಗಳಿಗೂ ಇಂತಹ ಏಕರೂಪತೆ ಇರಬೇಕೆಂದು ಎಂ.ಐ.ಟಿ.ಯ ಟಾಮ್ ನೈಟ್ 2003ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟನು. ಆತ ಮೂಲತಃ ಕಂಪ್ಯೂಟರ್ ಎಂಜಿನಿಯರು ಎಂಬುದು ಗಮನಾರ್ಹ.

ಡಿ.ಎನ್.ಎ. ಎಂಬುದು ನಾಲ್ಕು ಅಕ್ಷರಗಳ ಉದ್ದನೆಯ ಬರಹವೆಂದು ಭಾವಿಸಿದರೆ, ಕೆಲವು ಕಿಣ್ವಗಳು ಒಂದು ನಿರ್ದಿಷ್ಟ ಪದ ಕಂಡಲ್ಲಿ ಮಾತ್ರ ಕತ್ತರಿಸುವ ಕತ್ತರಿಗಳು. ನೈಟನ ಪದ್ಧತಿಯಲ್ಲಿ ಪ್ರತಿಯೊಂದು ಜೀನ್-ತುಣುಕಿನ ಎರಡು ತುದಿಗಳಲ್ಲಿಯೂ ಗೊತ್ತಾದ ಕತ್ತರಿಯ ಗುರುತುಗಳಿರುತ್ತವೆ. ಎರಡು ತುಣುಕುಗಳನ್ನು ಕತ್ತರಿಸಿ ಬೆಸೆದಾಗ, ನಡುವಣ ಬೆಸುಗೆಯನ್ನು ಆ ಕತ್ತರಿಗಳು ಮತ್ತೆ ಕತ್ತರಿಸಲಾರವು. ಹೊರತುದಿಗಳಾದರೋ ಮೊದಲಿನಂತೆಯೇ ಉಳಿಯುತ್ತವೆ. ಆದುದರಿಂದ ಹೊಸ ತುಣುಕಿಗೆ ಮತ್ತೊಂದನ್ನು, ಅದಕ್ಕೆ ಇನ್ನೊಂದನ್ನು ಸೇರಿಸುತ್ತ ಹೋಗಬಹುದು. ಇಂತಹ ತುಣುಕುಗಳಿಗೆ 'ಜೈವಿಕ ಇಟ್ಟಿಗೆ' ಎಂಬ ಹೆಸರು ಬಂದಿತು.

ಇದೇ ಎಂ.ಐ.ಟಿ.ಯಲ್ಲಿ 2003ರ ಜನವರಿಯಲ್ಲಿ ವಿದ್ಯಾರ್ಥಿಗಳಿಗಾಗಿ ನಡೆದ ಒಂದು ಕಿರು ತರಗತಿಯಿಂದ ಈ ಸ್ಪರ್ಧೆ ಬೆಳೆಯಿತು. 2004ರಲ್ಲಿ ಐದು ತಂಡಗಳು, 2005ರಲ್ಲಿ 13, ಮುಂದೆ ನೂರಾರು. 2006ರಲ್ಲಿ ಎಂ.ಐ.ಟಿ.ಯ ತಂಡವೊಂದು ಬ್ಯಾಕ್ಟೀರಿಯಗಳಿಂದ ಬಾಳೆಹಣ್ಣಿನ ವಾಸನೆಯನ್ನು ಹೊರಡಿಸಿತು. ಅದೇ ವರ್ಷ ಎಡಿನ್‌ಬರೋದ ತಂಡ ಕುಡಿಯುವ ನೀರಿನಲ್ಲಿರುವ ಆರ್ಸೆನಿಕ್ ವಿಷವನ್ನು ಪತ್ತೆಹಚ್ಚುವ ಬ್ಯಾಕ್ಟೀರಿಯವನ್ನು ರೂಪಿಸಿತು. ವಿಷವಿದ್ದರೆ ನೀರಿನ ಆಮ್ಲೀಯತೆ ಬದಲಾಗುವಂತೆ ಅದನ್ನು ಜೋಡಿಸಿದ್ದರು. ಬಾವಿಯ ನೀರಿನ ಆರ್ಸೆನಿಕ್‌ನಿಂದ ಬಂಗಾಳದ ಹಳ್ಳಿಗಳು ಪಟ್ಟ ಪಾಡನ್ನು ಬಲ್ಲವರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ತಂಡ

ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು 2009ರ ಸ್ಪರ್ಧೆಗೆ 'ಆರ್ಟ್‌ಸೈನ್ಸ್ ಬ್ಯಾಂಗಲೋರ್' ಎಂಬ ಹೆಸರಿನಲ್ಲಿ ಸೇರಿದರು. ಅವರಿಗೆ ಮಾರ್ಗದರ್ಶಕರಾದವರು ಕಲಾವಿದ ಯಶಸ್ ಶೆಟ್ಟಿ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮುಕುಂದ ತಟ್ಟೈ. ಎರಡನೆಯವರು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಮಳೆಯ ವಾಸನೆಯನ್ನು ಬೀರುವ ಇ. ಕೋಲಿ ಬ್ಯಾಕ್ಟೀರಿಯವನ್ನು ನಿರ್ಮಿಸುವುದು ಅವರ ಯೋಜನೆ.

ಇದು ಹುಚ್ಚು ಕನಸೇನೂ ಅಲ್ಲ. ಏಕೆಂದರೆ, ಇ. ಕೋಲಿಯು ತನ್ನ ದೈನಂದಿನ ಕೆಲಸಗಳಿಗಾಗಿ 15 ಕಾರ್ಬನ್ ಪರಮಾಣುಗಳ ಸರಪಳಿಯುಳ್ಳ ಫಾರ್ನೆಸಿಲ್ ಡೈಫಾಸ್ಫೇಟ್ ಎಂಬ ವಸ್ತುವನ್ನು ಹೇಗೂ ತಯಾರಿಸುತ್ತದೆ. ಸ್ಟ್ರೆಪ್ಟೊಮೈಸಿಸ್‌ನ ಒಂದೇ ಒಂದು ಕಿಣ್ವ ಈ ವಸ್ತುವನ್ನು ಮಡಿಸಿ, ಮೂರು ಕಾರ್ಬನ್‌ಗಳನ್ನು ಅಸಿಟೋನ್ ರೂಪದಲ್ಲಿ ಕಳಚಿಹಾಕಿ, 12 ಕಾರ್ಬನ್‌ಗಳ ಜಿಯೋಸ್ಮಿನ್ನನ್ನಾಗಿ ಮಾರ್ಪಡಿಸುತ್ತದೆ. ಆ ಕಿಣ್ವದಲ್ಲಿ 726 ಅಮೈನೋ ಆಮ್ಲಗಳಿವೆ. ಒಂದೊಂದಕ್ಕೆ ಮೂರು ಅಕ್ಷರಗಳಂತೆ ಅದರ ಜೀನಿನಲ್ಲಿ ಸುಮಾರು 2,200 ಅಕ್ಷರಗಳು. ಕಚ್ಚಾ ಸಾಮಗ್ರಿ ಮನೆಯಲ್ಲಿಯೇ ಇದೆ. ಬೇಕಾದುದು ಒಬ್ಬ ಕುಶಲ ಕೆಲಸಗಾರ ಮಾತ್ರ.

ಆದರೆ ವಾಸನೆಯನ್ನು ಆರಿಸಿಕೊಂಡುದರಲ್ಲಿ ಕಲೆಯ ದೃಷ್ಟಿ ಇದೆ. ಔಷಧ, ಇಂಧನಗಳನ್ನು ಕುರಿತು ಎಲ್ಲರೂ ಯೋಚಿಸುತ್ತಿರುವಾಗ, ನೆನಪನ್ನು ಕೆರಳಿಸುವ ಒಂದು ವಸ್ತುವನ್ನು ಇವರು ಮುಂದಿಟ್ಟರು. ಸೀಸೆಯೊಳಗಿನ ಬ್ಯಾಕ್ಟೀರಿಯ ಬೀರುವ ಮಳೆಯ ವಾಸನೆ ನಿಜವಾದುದೋ ಕೃತಕವೋ? ಅಣುವಿನ ರಚನೆಯಲ್ಲಿ ಯಾವ ಭೇದವೂ ಇಲ್ಲ. ಹಾಗಾದರೆ ಭೇದವಿರುವುದೆಲ್ಲಿ? ಇಂತಹ ಪ್ರಶ್ನೆಯನ್ನು ಪ್ರಯೋಗಾಲಯದೊಳಕ್ಕೆ ತರಲು ಹೊರಗಿನವರೇ ಬೇಕಾದರೆಂಬುದು ವಿಜ್ಞಾನಿಗಳು ಯೋಚಿಸತಕ್ಕ ವಿಷಯ.

ಆಟವೂ ಹೊಣೆಯೂ

ವಿದ್ಯಾರ್ಥಿಗಳು ಜೀವಿಗಳೊಡನೆ ಹೀಗೆ ಆಡುವುದು ಕ್ಷೇಮವೆ ಎಂಬ ಶಂಕೆ ಸಹಜವಾದುದು, ನ್ಯಾಯವಾದುದೂ ಹೌದು. ಇ. ಕೋಲಿ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಆಹಾರ ಮುಗಿಯದಿದ್ದರೆ ಹತ್ತು ಗಂಟೆಗಳಲ್ಲಿ 30 ಇಮ್ಮಡಿ. ಒಂದು ಜೀವಾಣು 107 ಕೋಟಿಗೂ ಮಿಕ್ಕಿದ ಸಂತತಿಯಾಗುತ್ತದೆ. ಪ್ರಯೋಗಾಲಯಗಳಲ್ಲಿ ಬಳಸುವ ತಳಿಗಳು ರೋಗಕಾರಕಗಳಲ್ಲವೆಂಬುದು ನಿಜ. ಆದರೆ ಹೊಸ ಜೀನುಗಳನ್ನು ಹೊತ್ತ ಡಿ.ಎನ್.ಎ. ಉಂಗುರಗಳಲ್ಲಿ ಗುರುತಿಗಾಗಿ ಸಾಮಾನ್ಯವಾಗಿ ಪ್ರತಿಜೈವಿಕ ಔಷಧಗಳಿಗೆ ಬಗ್ಗದ ಜೀನೊಂದನ್ನೂ ಇಟ್ಟಿರುತ್ತಾರೆ. ಅದು ಚರಂಡಿಗೆ ಸೇರಿ ಬೇರೆ ಬ್ಯಾಕ್ಟೀರಿಯಗಳಿಗೆ ದಾಟಿದರೆ ರೋಗಾಣುಗಳಿಗೆ ಆಯುಧ ಒದಗಿಸಿದಂತೆಯೇ. ಆದುದರಿಂದ ಬಳಸಿದ ಪ್ರತಿಯೊಂದು ತಟ್ಟೆಯನ್ನೂ ಒತ್ತಡದ ಹಬೆಯಲ್ಲಿ ಬೇಯಿಸಿಯೇ ಎಸೆಯಬೇಕು. ಮಾರ್ಪಡಿಸಿದ ಜೀವಿಯನ್ನು ಪ್ರಯೋಗಾಲಯದ ಹೊರಗೆ ಬಿಡಲು ಸ್ಪರ್ಧೆಯ ನಿಯಮಗಳು ಅವಕಾಶ ಕೊಡುವುದಿಲ್ಲ. ನಮ್ಮ ದೇಶದಲ್ಲಿ 1989ರ ನಿಯಮಗಳಂತೆ, ಇಂತಹ ಕೆಲಸ ನಡೆಯುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು.

ಇನ್ನೊಂದು ತಡೆ ಹಣದ್ದು. ಸ್ಪರ್ಧೆಯ ನೋಂದಣಿಗೇ ಸಾವಿರಾರು ಡಾಲರ್ ಬೇಕು; ಪ್ರಯಾಣದ ವೆಚ್ಚ ಬೇರೆ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಇದು ಎಟಕುವ ಮಾತಲ್ಲ. ಆದರೆ ವಿದ್ಯೆಯ ಮೊದಲ ಮೆಟ್ಟಿಲು ಅಷ್ಟು ದುಬಾರಿಯಲ್ಲ. ಹರದನಹಳ್ಳಿಯ ಹೊಲದ ಒಂದು ಚಿಟಿಕೆ ಮಣ್ಣನ್ನು ಒಣಗಿಸಿ, ನೀರಿನಲ್ಲಿ ಹಲವು ಸಲ ತೆಳುಮಾಡಿ, ಪಿಷ್ಟ ಬೆರೆಸಿದ ಅಗರ್ ತಟ್ಟೆಯ ಮೇಲೆ ಹರಡಿದರೆ, ಒಂದು ವಾರದೊಳಗೆ ಸುಣ್ಣದ ಪುಡಿಯಂತಹ ಒಣ ಚುಕ್ಕೆಗಳು ಮೂಡುವುದುಂಟು. ಅವು ಸಾಮಾನ್ಯವಾಗಿ ಸ್ಟ್ರೆಪ್ಟೊಮೈಸಿಸ್ ಬಳಗದವು. ಇದಕ್ಕೆ ಜೀನಿನ ಮಾರ್ಪಾಟು ಬೇಕಿಲ್ಲ. ಅನುಭವವುಳ್ಳ ಅಧ್ಯಾಪಕರೂ ಶುಚಿಯಾದ ಪ್ರಯೋಗಾಲಯವೂ ಇದ್ದರೆ ಸಾಕು. ತಟ್ಟೆಯನ್ನು ತೆರೆದು ಮೂಸಿನೋಡುವ ಆಸೆಯನ್ನು ಮಾತ್ರ ತಡೆದುಕೊಳ್ಳತಕ್ಕದ್ದು.

ಕಲೆಯ ವಿದ್ಯಾರ್ಥಿಗಳು ಜೀನನ್ನು ಓದಬಲ್ಲರಾದರೆ, ಬೇಸಾಯಗಾರರ ಮಕ್ಕಳು ತಮ್ಮ ಹೊಲದ ಜೀವಾಣುಗಳನ್ನು ಓದಲಾರರೆ? ಸ್ಪರ್ಧೆಯಲ್ಲಿ ಗೆದ್ದವರಿಗೆ ದೊರೆಯುವುದು ಲೋಹದ ಒಂದು ಇಟ್ಟಿಗೆ. ಅದಕ್ಕಿಂತ ಬೆಲೆಯುಳ್ಳದ್ದು ಈ ಸ್ಪರ್ಧೆ ಬೆಳೆಸಿದ ಪದ್ಧತಿ: ಕಟ್ಟಿದ ತುಣುಕನ್ನು ಎಲ್ಲರ ಭಂಡಾರಕ್ಕೆ ಒಪ್ಪಿಸುವುದು, ಮಾಡಿದ ಕೆಲಸಕ್ಕೆ ತಾವೇ ಹೊಣೆಯಾಗುವುದು. ಈ ಎರಡನ್ನು ಕಲಿಯಲು ನೋಂದಣಿ ಶುಲ್ಕವಿಲ್ಲ.