ಮಶ್ಹದ್‌ನ ಅಂಗಳದಲ್ಲಿ ಅನ್ಯಧರ್ಮೀಯ ಅತಿಥಿ

ಈಶಾನ್ಯ ಇರಾನಿನ ಮಶ್ಹದ್ ನಗರ ಬೆಳೆದದ್ದೇ ಒಂದು ಸಮಾಧಿಯ ಸುತ್ತ. ಶಿಯಾ ಮುಸ್ಲಿಮರು ಎಂಟನೆಯ ಇಮಾಮರೆಂದು, ಎಂದರೆ ಪ್ರವಾದಿಯವರ ವಂಶದಲ್ಲಿ ಬಂದ ಧರ್ಮನಾಯಕರೆಂದು ನಂಬುವ ಅಲೀ ರಜಾ 818ರಲ್ಲಿ ತೀರಿಕೊಂಡಾಗ, ಅವರನ್ನು ಇಲ್ಲಿ ಖಲೀಫ ಹಾರೂನ್ ಅಲ್ ರಶೀದನ ಗೋರಿಯ ಬಳಿ ದಫನ್ ಮಾಡಲಾಯಿತು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಶಿಯಾ ಸಮುದಾಯಕ್ಕೂ ಇದು ಜಿಯಾರತ್‌ನ, ಎಂದರೆ ಪುಣ್ಯಪುರುಷರ ಸಮಾಧಿ ದರ್ಶನದ, ಹಿರಿಯ ಕ್ಷೇತ್ರ.

ಮುಸ್ಲಿಮರಲ್ಲದ ವಿದೇಶೀಯರನ್ನು ಇಲ್ಲಿ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವುದಿಲ್ಲ. ವಿದೇಶಿ ಯಾತ್ರಿಕರಿಗೆಂದೇ ಇರುವ ಕಚೇರಿಯವರು ಅವರನ್ನು ಬರಮಾಡಿಕೊಂಡು, ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ ವಿಶಾಲವಾದ ಅಂಗಳಗಳನ್ನು ತೋರಿಸುತ್ತಾರೆ. ಸ್ತ್ರೀಯರು ಮೈತುಂಬ ಚಾದರ್ ಹೊದೆಯಬೇಕು, ದೊಡ್ಡ ಕ್ಯಾಮೆರಾಗಳನ್ನು ಹೊರಗೇ ಇಡಬೇಕು, ಮತ್ತು ಸಮಾಧಿಯನ್ನು ಆವರಿಸಿದ ಜರೀಹ್ ಎಂಬ ಜಾಲರಿ ಕಟಾಂಜನವಿರುವ ಗರ್ಭಸ್ಥಾನಕ್ಕೆ ಸಾಮಾನ್ಯವಾಗಿ ಅವರಿಗೆ ಪ್ರವೇಶವಿಲ್ಲ.

ಅನ್ಯಧರ್ಮೀಯರಿಗೆ ಎಳೆದ ಇಂಥ ಗೆರೆಯನ್ನು ಒಪ್ಪದೆ ಹೋದವರೂ ಉಂಟು. ಇಂಗ್ಲಿಷ್ ಪ್ರವಾಸಿ ರಾಬರ್ಟ್ ಬೈರನ್ 1934ರಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು, ವೇಷ ಮರೆಸಿಕೊಂಡು ಇಲ್ಲಿನ ಗೌಹರ್‌ಶಾದ್ ಮಸೀದಿಯನ್ನು ಹೊಕ್ಕನು. ಅವನ ಬರಹದಿಂದ ಆ ಕಟ್ಟಡದ ಕೀರ್ತಿ ಯುರೋಪಿನಲ್ಲಿ ಹರಡಿತಾದರೂ, ಆತಿಥೇಯರ ನಂಬಿಕೆಯನ್ನು ವಂಚಿಸಿ ಪಡೆದ ನೋಟವದು ಎಂಬುದನ್ನು ಮರೆಯಲಾಗದು. ತೈಮೂರನ ಸೊಸೆ, ಶಾಹರುಖ್‌ನ ರಾಣಿ ಗೌಹರ್‌ಶಾದ್ ಕಟ್ಟಿಸಿ 1418ರಲ್ಲಿ ಪೂರ್ಣಗೊಂಡ ಈ ಮಸೀದಿಯ ವಾಸ್ತುಶಿಲ್ಪಿ ಕವಾಮುದ್ದೀನ್ ಶಿರಾಜಿ. ಇದರ ಮುಖ್ಯ ಈವಾನಿನ, ಎಂದರೆ ಅಂಗಳದತ್ತ ತೆರೆದ ಎತ್ತರದ ಕಮಾನು ಮಂಟಪದ, ಅಂಚಿನುದ್ದಕ್ಕೂ ನೀಲಿ ಹೆಂಚಿನ ಮೇಲೆ ಬಿಳಿಯ ಅಕ್ಷರಗಳು ಒಂದರ ಹೆಗಲೇರಿ ಒಂದು ಸಾಗುತ್ತವೆ. ಆ ಲಿಪಿಯನ್ನು ರಚಿಸಿದವನು ರಾಣಿಯ ಮಗ ಬೈಸುಂಗುರ್. ತಾಯಿ ಕಟ್ಟಿಸಿದ ಪ್ರಾರ್ಥನಾಮಂದಿರಕ್ಕೆ ಮಗನೇ ಅಕ್ಷರ ಬರೆದ ಇಂಥ ನಿದರ್ಶನಗಳು ವಿರಳ.

ಅತಿಥಿಯ ವಿವೇಕ ನಿಜವಾಗಿ ಒರೆಗೆ ಹತ್ತುವುದು ಹಳೆಯ ಅಂಗಳದ ಪಂಜರೆ ಫೂಲಾದ್ ಎಂಬ ಉಕ್ಕಿನ ಕಿಟಕಿಯ ಮುಂದೆ. ಸಮಾಧಿಯ ದಿಕ್ಕಿಗೆ ತೆರೆದಿರುವ ಇದರ ಸರಳುಗಳಿಗೆ ಭಕ್ತರು ಬಟ್ಟೆಯ ಚೂರುಗಳನ್ನು ಕಟ್ಟುತ್ತಾರೆ. ವಾಸಿಯಾಗದ ಕಾಯಿಲೆಯವರನ್ನು ಮನೆಯವರು ಕರೆತಂದು ಇದರ ಬುಡದಲ್ಲಿ ಕೂರಿಸುತ್ತಾರೆ. ಕ್ಯಾಮೆರಾ ಹೊರಗೆ ಉಳಿದರೂ ಕೈಯಲ್ಲಿ ಮೊಬೈಲ್ ಇರುತ್ತದೆ, ಅದನ್ನು ಅಂಗಳದಲ್ಲಿ ಬಳಸಲು ತಡೆಯೂ ಇಲ್ಲ. ಹಾಗಿದ್ದೂ ಇಲ್ಲಿ ಅಳುತ್ತಿರುವವರ ಚಿತ್ರ ತೆಗೆಯದಿರುವುದನ್ನು, ಅವರ ದಾರಿಗೆ ಅಡ್ಡವಾಗದಂತೆ ಬದಿಗೆ ಸರಿದು ನಿಲ್ಲುವುದನ್ನು, ಯಾವ ಕಚೇರಿಯೂ ಹೇಳಿಕೊಡಬೇಕಾಗಿ ಬರಬಾರದು.